ಕಾಲಡಿಯ ಕಲ್ಲಿನಿಂದ ಗಣಿಯ ಕಾಗದದವರೆಗೆ: ಹೆಜ್ಜೆ ಹೆಜ್ಜೆಯಾಗಿ ಕಲಿಯುವ ದಾರಿ

ಚಿತ್ರದುರ್ಗದ ಕಡೆ ನನ್ನ ಸೋದರಮಾವ ಇದ್ದಾರೆ. ನಾಲ್ಕು ಎಕರೆ ಹೊಲ, ಈರುಳ್ಳಿ, ಮೆಕ್ಕೆಜೋಳ. ಒಂದು ದಿನ ಫೋನ್ ಮಾಡಿದರು. "ಅಳಿಯಾ, ನಮ್ಮೂರ ಗುಡ್ಡಕ್ಕೆ ಗಣಿ ಬರುತ್ತಂತೆ. ಪಂಚಾಯ್ತಿಯಲ್ಲಿ ಒಂದು ದಪ್ಪ ಪುಸ್ತಕ ಇಟ್ಟಿದ್ದಾರೆ. ನಕ್ಷೆಯಲ್ಲಿ ನಮ್ಮ ಹೊಲದ ಪಕ್ಕಕ್ಕೇ ಓಬಿ ಡಂಪ್ ಅಂತ ಬರೆದಿದೆ. ಹಾಗಂದ್ರೆ ಏನು?"

ಓಬಿ ಅಂದರೆ ಓವರ್‌ಬರ್ಡನ್. ಅದಿರಿನ ಮೇಲೆ ಕೂತಿರುವ ಬೇಡದ ಮಣ್ಣು, ಕಲ್ಲು. ಅದನ್ನು ತೆಗೆದು ಗುಡ್ಡೆ ಹಾಕುವ ಜಾಗವೇ ಡಂಪ್. ಮಳೆ ಬಂದಾಗ ಅದರ ಹುಡಿ ಮೊದಲು ಹರಿದು ಬರುವುದು ಪಕ್ಕದ ಹೊಲಕ್ಕೆ. ಆ ಇಡೀ ಪುಸ್ತಕದಲ್ಲಿ ಮಾವನಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದ ಮಾತು ಅದೇ, ಮತ್ತು ಅದು ಎರಡು ಅಕ್ಷರದೊಳಗೆ ಮುಚ್ಚಿಕೊಂಡಿತ್ತು. ಕರ್ನಾಟಕದಲ್ಲಿ ಚಿನ್ನ, ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲು, ಗ್ರಾನೈಟ್ ಎಲ್ಲ ಇದೆ, ಇವುಗಳ ಮೇಲೆ ಕೂತು ಬದುಕುವ ಸಾವಿರಾರು ಊರುಗಳಿವೆ, ಆದರೆ ಇವುಗಳ ಬಗ್ಗೆ ಮಾತಾಡುವ ಪದಗಳು ಮಾತ್ರ ಬೇರೆ ಯಾರದ್ದೋ ಕೈಯಲ್ಲಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪದಗಳ ಪಟ್ಟಿ ಕೊಟ್ಟರೆ ಯಾರಿಗೂ ನೆನಪಿರುವುದಿಲ್ಲ. ಒಂದು ಕಲ್ಲು ಕೈಯಲ್ಲಿ ಹಿಡಿದು ಶುರು ಮಾಡೋಣ, ಪದಗಳು ದಾರಿಯಲ್ಲಿ ಸಿಗುತ್ತವೆ.

ಮೊದಲ ಹೆಜ್ಜೆ: ಬೇಕಾದ ಸಾಮಾನು ಜೋಡಿಸಿಕೊಳ್ಳಿ

ಜಾಸ್ತಿ ಏನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಂದು ಚಾಕು, ಹಳೆಯ ಸ್ಪೀಕರಿನಿಂದ ಕಿತ್ತ ಆಯಸ್ಕಾಂತ, ಮನೆಗೆ ಹಾಕಿ ಉಳಿದ ಒಂದು ಟೈಲ್ಸ್ ಚೂರು, ಸ್ವಲ್ಪ ವಿನಿಗರ್, ಅಡುಗೆಮನೆಯ ತೂಕದ ಯಂತ್ರ. ಜೊತೆಗೆ ಒಂದು ನೋಟ್‌ಬುಕ್. ಕಲ್ಲು ಎತ್ತಿದ ತಕ್ಷಣ ಎಲ್ಲಿ ಸಿಕ್ಕಿತು ಎಂದು ಬರೆದಿಡಿ. ಊರು, ಜಾಗ, ದಿನ. ಇನ್ನೊಂದು ವಿಷಯವನ್ನು ಮರೆಯದೆ ಬರೆಯಿರಿ: ಅದು ಬಂಡೆಗೆ ಅಂಟಿಕೊಂಡಿತ್ತಾ, ಇಲ್ಲಾ ಸುಮ್ನೆ ಬಿದ್ದಿತ್ತಾ? ನೆಲದೊಳಗಿನ ಬಂಡೆಯೇ ಮೇಲೆ ಕಾಣಿಸಿಕೊಂಡಿದ್ದರೆ ಅದನ್ನು ಔಟ್‌ಕ್ರಾಪ್ ಅನ್ನುತ್ತಾರೆ. ಬೇರೆಲ್ಲಿಂದಲೋ ಉರುಳಿ, ನೀರಿನಲ್ಲಿ ಹರಿದು ಬಂದು ಬಿದ್ದ ಕಲ್ಲಿಗೆ ಫ್ಲೋಟ್ ಅನ್ನುತ್ತಾರೆ. ಸಂಡೂರು, ಹೊಸಪೇಟೆ ಕಡೆ ಗುಡ್ಡದ ಬುಡದಲ್ಲಿ ಬಿದ್ದಿರುವ ಕಬ್ಬಿಣದ ಅದಿರಿನ ಗುಂಡುಗಳಿಗೆ ಇದೇ ಕಾರಣಕ್ಕೆ ಫ್ಲೋಟ್ ಓರ್ ಎಂಬ ಹೆಸರು. ಹೊಲದಲ್ಲಿ ಸಿಕ್ಕ ಒಂದು ಗುಂಡು ಕಲ್ಲನ್ನು ತೋರಿಸಿ "ಇಲ್ಲೇ ಕೆಳಗೆ ಗಣಿ ಇದೆ" ಎಂದು ಯಾರಾದರೂ ಹೇಳಿದರೆ, ಮೊದಲು ಕೇಳಬೇಕಾದ್ದು ಇದನ್ನೇ.

ಸುತ್ತಿಗೆಯಿಂದ ಕಲ್ಲು ಒಡೆಯುವುದಾದರೆ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಸಿಡಿದ ಚಕ್ಕೆ ಗಾಜಿನಷ್ಟೇ ಹರಿತ. ಮತ್ತೆ, ಲಾಲ್‌ಬಾಗ್ ಬಂಡೆ, ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿ ಇವೆಲ್ಲ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿ ಸುತ್ತಿಗೆಯನ್ನು ಚೀಲದಿಂದ ಹೊರಗೆ ತೆಗೆಯಲೇಬೇಡಿ.

ಎರಡನೇ ಹೆಜ್ಜೆ: ಕಲ್ಲು ಬೇರೆ, ಖನಿಜ ಬೇರೆ

ಇದನ್ನು ಗಟ್ಟಿ ಮಾಡಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಚಿತ್ರಾನ್ನದ ತಟ್ಟೆ ನೆನಪಿಸಿಕೊಳ್ಳಿ. ಅನ್ನದ ಅಗುಳು ಬೇರೆ, ಕಡಲೆಬೀಜ ಬೇರೆ, ಸಾಸಿವೆ ಬೇರೆ. ಎಲ್ಲ ಸೇರಿದ್ದು ಚಿತ್ರಾನ್ನ. ಹಾಗೆ, ಒಂದೊಂದು ಕಾಳೂ ಒಂದು ಖನಿಜ, ಎಲ್ಲ ಸೇರಿದ್ದು ಶಿಲೆ, ಅಂದರೆ ನಮ್ಮ ಮಾತಿನ ಕಲ್ಲು. ಒಂದು ಗ್ರಾನೈಟ್ ತುಂಡನ್ನು ಭೂತಗನ್ನಡಿಯಲ್ಲಿ ನೋಡಿ. ಗಾಜಿನ ಚೂರಿನ ಹಾಗೆ ಬೂದು ಬಣ್ಣಕ್ಕಿರುವುದು ಕ್ವಾರ್ಟ್ಜ್, ನಮ್ಮ ಬೆಣಚುಕಲ್ಲು. ಬಿಳಿ ಅಥವಾ ಗುಲಾಬಿ ಬಣ್ಣದ, ಚಪ್ಪಟೆ ಮುಖ ಮಿನುಗುವುದು ಫೆಲ್ಡ್‌ಸ್ಪಾರ್. ಉಗುರಿನಿಂದ ಎಬ್ಬಿಸಿದರೆ ಪದರ ಪದರವಾಗಿ ಏಳುವ ಕಪ್ಪು ಅಥವಾ ಬೆಳ್ಳಿ ಬಣ್ಣದ ಚೂರು ಅಭ್ರಕ. ಹಳ್ಳಿಯಲ್ಲಿ ಅದಕ್ಕೆ ಕಾಗೆ ಬಂಗಾರ ಅನ್ನುತ್ತಾರೆ, ಎಷ್ಟು ಚೆಂದದ ಹೆಸರು ಅಲ್ವಾ!

ಖನಿಜ ಎನ್ನಲು ಕೆಲವು ಷರತ್ತುಗಳಿವೆ. ತಾನಾಗಿ ಭೂಮಿಯಲ್ಲಿ ಆಗಿರಬೇಕು, ಗಿಡ-ಪ್ರಾಣಿಯ ದೇಹದಿಂದ ಬಂದಿರಬಾರದು, ಅದರ ರಾಸಾಯನಿಕ ಅಳತೆ ಗೊತ್ತಾಗಿರಬೇಕು, ಒಳಗೆ ಪರಮಾಣುಗಳು ಒಂದು ಕ್ರಮದಲ್ಲಿ ಜೋಡಣೆಯಾಗಿರಬೇಕು. ಆ ಕ್ರಮಕ್ಕೇ ಸ್ಫಟಿಕ ರಚನೆ ಎನ್ನುವುದು. ನೆಲದೊಳಗೆ ಸಿಗುವ ಉಪ್ಪು ಖನಿಜ, ಕಬ್ಬಿನಿಂದ ಮಾಡಿದ ಸಕ್ಕರೆ ಖನಿಜ ಅಲ್ಲ, ನೋಡಲು ಎರಡೂ ಹರಳೇ ಆದರೂ. ಅಡುಗೆಮನೆಯ ಕಲ್ಲುಪ್ಪನ್ನು ಭೂತಗನ್ನಡಿಯಲ್ಲಿ ಒಮ್ಮೆ ನೋಡಿ, ಚೌಕ ಚೌಕದ ಮುಖಗಳು ಕಾಣುತ್ತವೆ. ಕಲ್ಲಿದ್ದಲು ಮರಗಿಡಗಳಿಂದ ಆದದ್ದು, ಹಾಗಾಗಿ ಭೂವಿಜ್ಞಾನದವರ ಲೆಕ್ಕದಲ್ಲಿ ಅದು ಖನಿಜ ಅಲ್ಲ. ಕಾನೂನಿನ ಲೆಕ್ಕದಲ್ಲಿ ಮಾತ್ರ ಅದೂ ಖನಿಜವೇ.

ಮೂರನೇ ಹೆಜ್ಜೆ: ಪರೀಕ್ಷೆ ಮಾಡಿ

ಬಣ್ಣ ನೋಡಿ ಹೆಸರು ಹೇಳುವ ಅಭ್ಯಾಸ ಬಿಡಿ. ಬೆಣಚುಕಲ್ಲೊಂದೇ ಬಿಳಿ, ಗುಲಾಬಿ, ನೇರಳೆ, ಹೊಗೆ ಬಣ್ಣದಲ್ಲಿ ಸಿಗುತ್ತದೆ. ಬಣ್ಣಕ್ಕಿಂತ ನಂಬಿಕೆಯ ಗುರುತುಗಳಿವೆ.

ಮೊದಲು ಗಡಸುತನ. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬವರು ಹತ್ತು ಖನಿಜಗಳನ್ನು ಮೆತ್ತಗಿನಿಂದ ಗಟ್ಟಿಯವರೆಗೆ ಸಾಲಾಗಿ ಇಟ್ಟರು. ಯಾವುದು ಯಾವುದನ್ನು ಗೀರುತ್ತದೆ ಎನ್ನುವುದೇ ಅಳತೆ. 1ಕ್ಕೆ ಟಾಲ್ಕ್, 3ಕ್ಕೆ ಕ್ಯಾಲ್ಸೈಟ್, 7ಕ್ಕೆ ಬೆಣಚುಕಲ್ಲು, 9ಕ್ಕೆ ಕುರಂದ, 10ಕ್ಕೆ ವಜ್ರ. ನಿಮ್ಮ ಉಗುರು ಸುಮಾರು 2.5, ಚಾಕು ಮತ್ತು ಗಾಜು ಸುಮಾರು 5.5. ಅಂದರೆ ಉಗುರಿನಿಂದಲೇ ಗೀರು ಬಿದ್ದರೆ ತುಂಬಾ ಮೆತ್ತಗಿನ ಖನಿಜ, ಚಾಕುವಿನಿಂದ ಗೀರು ಬಿದ್ದರೆ ನಡುವಿನದು, ಅದೇ ಗಾಜನ್ನು ಗೀರಿದರೆ ಗಟ್ಟಿ. ಟಾಲ್ಕ್ ಅಂದರೆ ದೂರದ್ದೇನೂ ಅಲ್ಲ, ಬಳಪದ ಕಲ್ಲಿನಲ್ಲಿ ಇರುವುದು ಅದೇ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಆರಿಸಿಕೊಂಡದ್ದು ಇದೇ ಬಗೆಯ ಮೆತ್ತಗಿನ ಕಲ್ಲು. ಅದಕ್ಕೇ ಮದನಿಕೆಯ ಕಿವಿಯೋಲೆಯ ಮಣಿ ಕೂಡ ಬಿಡಿಸಿದ ಹಾಗೆ ಬಂದಿದೆ. ಗ್ರಾನೈಟಿನಲ್ಲಿ ಆ ಕೆಲಸ ಬಹಳ ಕಷ್ಟ.

ಆಮೇಲೆ ಗೆರೆ ಪರೀಕ್ಷೆ, ಸ್ಟ್ರೀಕ್ ಅನ್ನುತ್ತಾರೆ. ಟೈಲ್ಸಿನ ಹಿಂದಿನ ಒರಟು ಮುಖಕ್ಕೆ ಕಲ್ಲನ್ನು ಒತ್ತಿ ಉಜ್ಜಿ. ಬೀಳುವ ಪುಡಿಯ ಬಣ್ಣ ನೋಡಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು, ಯಾಕೆಂದರೆ ಮೇಲೆ ಕಪ್ಪಗೆ, ಉಕ್ಕಿನ ಹಾಗೆ ಹೊಳೆಯುವ ಹೆಮಟೈಟ್ ಕೂಡ ಉಜ್ಜಿದಾಗ ಕೆಂಪು ಗೆರೆಯನ್ನೇ ಎಳೆಯುತ್ತದೆ. ಹಬ್ಬಕ್ಕೆ ಹೊಸಲಿಗೆ ಹಚ್ಚುವ ಕೆಮ್ಮಣ್ಣಿನ ಕೆಂಪು, ಬಳ್ಳಾರಿ ರಸ್ತೆಯ ಧೂಳಿನ ಕೆಂಪು ಎಲ್ಲ ಅದೇ ಕಬ್ಬಿಣದ ಬಣ್ಣ. ಮ್ಯಾಗ್ನೆಟೈಟ್ ಆದರೆ ಗೆರೆ ಕಪ್ಪು, ಜೊತೆಗೆ ಆಯಸ್ಕಾಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಚಿನ್ನದ ಬಣ್ಣದ ಪೈರೈಟ್ ಹಸಿರು ಛಾಯೆಯ ಕಪ್ಪು ಗೆರೆ ಎಳೆಯುತ್ತದೆ. ನಿಜವಾದ ಚಿನ್ನದ ಗೆರೆ ಚಿನ್ನದ ಬಣ್ಣವೇ, ಅಕ್ಕಸಾಲಿಗರ ಒರೆಗಲ್ಲು ಕೆಲಸ ಮಾಡುವುದೂ ಇದರಿಂದಲೇ. ಇನ್ನೂ ಅನುಮಾನ ಇದ್ದರೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ, ಪೈರೈಟ್ ಪುಡಿಯಾಗುತ್ತದೆ, ಚಿನ್ನ ಚಪ್ಪಟೆಯಾಗುತ್ತದೆ, ಅಭ್ರಕ ಪದರ ಬಿಡುತ್ತದೆ.

ಪದರ ಬಿಡುವ ಈ ಗುಣಕ್ಕೆ ಕ್ಲೀವೇಜ್ ಎಂದು ಹೆಸರು: ಖನಿಜ ಕೆಲವು ಗೊತ್ತಾದ ದಿಕ್ಕಿಗೆ ಮಾತ್ರ ನುಣುಪಾಗಿ ಸೀಳುವುದು. ಅಭ್ರಕಕ್ಕೆ ಅಂಥ ದಿಕ್ಕು ಒಂದೇ. ಬೆಣಚುಕಲ್ಲಿಗೆ ಅದು ಇಲ್ಲ, ಒಡೆದರೆ ಚಿಪ್ಪಿನ ಒಳಮೈ ಹಾಗೆ ಬಾಗಿದ ಮುಖ ಬರುತ್ತದೆ. ಅದಕ್ಕೆ ಫ್ರ್ಯಾಕ್ಚರ್ ಅನ್ನುತ್ತಾರೆ.

ವಿನಿಗರ್ ಪರೀಕ್ಷೆ ಸುಣ್ಣಕಲ್ಲಿಗೆ. ಕಲ್ಲನ್ನು ಸ್ವಲ್ಪ ಕೆರೆದು ಪುಡಿ ಮಾಡಿ, ಮೇಲೆ ನಾಲ್ಕು ಹನಿ ಹಾಕಿ. ಸಣ್ಣ ಗುಳ್ಳೆ ಎದ್ದರೆ ಅದರಲ್ಲಿ ಕ್ಯಾಲ್ಸೈಟ್ ಇದೆ. ಅಡುಗೆಮನೆ ಕಟ್ಟೆಗೆ ಹಾಕುವ ಕಡಪ ಕಲ್ಲಿನ ಮೇಲೆ ನಿಂಬೆರಸ ಚೆಲ್ಲಿದರೆ ಮಂಕು ಕಲೆ ಆಗುವುದು ಇದೇ ಕಾರಣಕ್ಕೆ, ಅದು ಸುಣ್ಣಕಲ್ಲಿನ ಜಾತಿ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಅದೇ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಇದಕ್ಕೆ ಬಳಸಬೇಡಿ, ಕೈ ಕಣ್ಣು ಎರಡಕ್ಕೂ ಅಪಾಯ.

ಕೊನೆಗೆ ತೂಕ. ಕಲ್ಲನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ಈಗ ತೂಕದ ಯಂತ್ರದ ಮೇಲೆ ನೀರು ತುಂಬಿದ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ಆದರೆ ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಕೈಯಲ್ಲಿ ತೂಗುಹಾಕಿ. ಯಂತ್ರ ಒಂದು ಅಂಕಿ ತೋರಿಸುತ್ತದೆ. ಒಣ ತೂಕವನ್ನು ಆ ಅಂಕಿಯಿಂದ ಭಾಗಿಸಿ. 530 ಗ್ರಾಂ ಕಲ್ಲಿಗೆ 200 ತೋರಿಸಿದರೆ ಉತ್ತರ 2.65, ಅದು ಬೆಣಚುಕಲ್ಲಿನ ಸಾಂದ್ರತೆ. ಒಳ್ಳೆಯ ಹೆಮಟೈಟ್ 5ರ ಹತ್ತಿರ ಬರುತ್ತದೆ. ಪೈರೈಟ್ ಕೂಡ ಸುಮಾರು 5. ಚಿನ್ನ 19.3! ಇದು ಶಾಲೆಯ ಮಕ್ಕಳ ಜೊತೆ ಮಾಡಲು ತುಂಬಾ ಒಳ್ಳೆಯದು.

ನಾಲ್ಕನೇ ಹೆಜ್ಜೆ: ಕಲ್ಲಿನ ಕುಲ ಗುರುತಿಸಿ

ಶಿಲೆಗಳಲ್ಲಿ ಮೂರು ಮನೆತನ. ಕರಗಿದ ಬೆಂಕಿ ದ್ರವ ಆರಿ ಗಟ್ಟಿಯಾದದ್ದು ಅಗ್ನಿಶಿಲೆ. ಮರಳು, ಕೆಸರು, ಸುಣ್ಣ ಪದರ ಪದರವಾಗಿ ಕೂತು ಗಟ್ಟಿಯಾದದ್ದು ಜಲಜಶಿಲೆ. ಇವೇ ನೆಲದಾಳದಲ್ಲಿ ಬಿಸಿಗೆ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದರೆ ರೂಪಾಂತರ ಶಿಲೆ. ಪಾಠ ಇಷ್ಟೇ, ಆದರೆ ನೋಡಿ ಕಲಿಯಲು ಕರ್ನಾಟಕದಂಥ ಜಾಗ ಕಡಿಮೆ.

ಆರುವುದು ನಿಧಾನವಾದರೆ ಕಾಳು ದೊಡ್ಡದು, ಬೇಗವಾದರೆ ಕಾಳು ಕಣ್ಣಿಗೆ ಕಾಣದಷ್ಟು ಸಣ್ಣದು. ನೆಲದಾಳದಲ್ಲಿ ನಿಧಾನವಾಗಿ ಆರಿದ ಗ್ರಾನೈಟ್ ನೋಡಬೇಕೆಂದರೆ ರಾಮನಗರದ ಬೆಟ್ಟಗಳಿಗೆ ಹೋಗಿ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಇಂದಿಗೂ ಭೂವಿಜ್ಞಾನಿಗಳು ಈ ಕಲ್ಲನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಬೇಗ ಆರಿದ ಕಪ್ಪು ಬಸಾಲ್ಟ್ ಬೇಕೆಂದರೆ ವಿಜಯಪುರ, ಬೀದರ್ ಕಡೆಗೆ. ಸುಮಾರು 6.6 ಕೋಟಿ ವರ್ಷ ಹಿಂದೆ ಹರಿದ ಲಾವಾ ಅದು, ಅಲ್ಲಿನ ಎರೆಮಣ್ಣು ಬಂದದ್ದೂ ಅದು ಸವೆದೇ. ಮರಳುಗಲ್ಲಿಗೆ ಬಾದಾಮಿ. ರೂಪಾಂತರ ಶಿಲೆಗೆ ಲಾಲ್‌ಬಾಗಿನ ಬಂಡೆ, ವಯಸ್ಸು ಸುಮಾರು 300 ಕೋಟಿ ವರ್ಷ. ಅದು ಗ್ರಾನೈಟ್ ಅಲ್ಲ, ನೈಸ್. ಕೆಂಪೇಗೌಡರ ಗೋಪುರದ ಹತ್ತಿರ ಬಗ್ಗಿ ನೋಡಿದರೆ ಬಿಳಿ, ಬೂದು ಪಟ್ಟೆಗಳು ಹಿಟ್ಟು ನಾದಿದ ಹಾಗೆ ಮಡಚಿಕೊಂಡಿರುವುದು ಕಾಣುತ್ತದೆ. ಬೆಳಿಗ್ಗೆ ಅಲ್ಲಿ ನಡೆಯಲು ಹೋಗುವವರು ಒಂದು ದಿನ ಎರಡು ನಿಮಿಷ ನಿಂತು ನೋಡಬೇಕು, ನನ್ನ ಆಸೆ ಅದು.

ಮಾವನ ಊರಿನ ಹತ್ತಿರದ ಮರಡಿಹಳ್ಳಿಯಲ್ಲಿ ಲಾವಾ ದಿಂಬುಗಳ ರಾಶಿಯ ಹಾಗೆ ಗಟ್ಟಿಯಾಗಿದೆ, ಪಿಲ್ಲೋ ಲಾವಾ ಎಂದೇ ಹೆಸರು. ಲಾವಾ ನೀರಿನೊಳಗೆ ಹೊರಬಂದಾಗ ಮಾತ್ರ ಹೀಗಾಗುತ್ತದೆ. ಬೋರಿನಲ್ಲಿ ನೀರು ಸಿಗದೆ ಒದ್ದಾಡುವ ಆ ನೆಲ ಸುಮಾರು 250 ಕೋಟಿ ವರ್ಷ ಹಿಂದೆ ನೀರಿನಡಿ ಇತ್ತು.

ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯವರ ಗ್ರಾನೈಟ್ ಬೇರೆ, ಭೂವಿಜ್ಞಾನದ ಗ್ರಾನೈಟ್ ಬೇರೆ. ವ್ಯಾಪಾರದಲ್ಲಿ ಪಾಲಿಶ್ ಹಿಡಿಯುವ ಗಟ್ಟಿ ಕಲ್ಲೆಲ್ಲ ಗ್ರಾನೈಟ್. ಇಳಕಲ್ಲಿನ ಕೆಂಪು ಕಲ್ಲು ನಿಜಕ್ಕೂ ಗ್ರಾನೈಟೇ, ಆದರೆ ಚಾಮರಾಜನಗರದ ಹೆಸರಾಂತ ಕಪ್ಪು ಗ್ರಾನೈಟ್ ಡಾಲರೈಟ್ ಎಂಬ ಬೇರೆ ಶಿಲೆ. ಹಳೆಯ ಬಂಡೆಯ ಬಿರುಕಿಗೆ ಕೆಳಗಿನಿಂದ ನುಗ್ಗಿದ ದ್ರವ ಗೋಡೆಯ ಹಾಗೆ ನಿಂತು ಗಟ್ಟಿಯಾದದ್ದು ಅದು, ಆ ಗೋಡೆಗೆ ಡೈಕ್ ಅನ್ನುತ್ತಾರೆ. ಹಾಗೆಯೇ ಬಿರುಕಿನಲ್ಲಿ ಬಿಸಿನೀರು ಹರಿದು ಬೆಣಚುಕಲ್ಲು ತುಂಬಿಕೊಂಡ ಬಿಳಿ ಪಟ್ಟೆ ಕಂಡರೆ ಅದು ವೇನ್. ಕೋಲಾರದ ಚಿನ್ನ ಕೂತಿದ್ದದ್ದು ಇಂಥ ಪಟ್ಟೆಗಳಲ್ಲೇ, ಗಣಿಯವರು ಅದನ್ನು ರೀಫ್ ಅನ್ನುತ್ತಿದ್ದರು. ಚಾಂಪಿಯನ್ ರೀಫ್ ಎಂಬ ಹೆಸರು ಕೇಳಿರುತ್ತೀರಿ.

ಕರಾವಳಿಯ ಮುರಕಲ್ಲಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಲೆನಾಡಿನಲ್ಲಿ ಅದೇ ಜಂಬಿಟ್ಟಿಗೆ. ಜಾಸ್ತಿ ಮಳೆಗೆ ಕಲ್ಲಿನ ಬೇರೆ ಸಾರವೆಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಆದದ್ದು. ಅಗೆಯುವಾಗ ಮೆತ್ತಗೆ, ಗಾಳಿಗೆ ಒಣಗಿದ ಮೇಲೆ ಗಟ್ಟಿ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ನೋಡಿದ್ದನ್ನು ಬರೆಯುತ್ತಾ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ, ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ಇಟ್ಟಿಗೆ. ನಮ್ಮ ಮಲೆನಾಡಿನವರ ಹೆಸರಿನಲ್ಲೂ ಇಟ್ಟಿಗೆ ಇದೆ!

ಐದನೇ ಹೆಜ್ಜೆ: ನೆಲದೊಳಗೆ ಕಲ್ಲು ಹೇಗೆ ಮಲಗಿದೆ ನೋಡಿ

ಇದಕ್ಕೆ ಒಳ್ಳೆಯ ಪಾಠ ಬೋರ್‌ವೆಲ್ ಲಾರಿ. ಪಕ್ಕದ ಹೊಲದಲ್ಲಿ ಬೋರು ಕೊರೆಯುವಾಗ ಹೋಗಿ ನಿಲ್ಲಿ. ಮೊದಲು ಮಣ್ಣು ಬರುತ್ತದೆ. ಆಮೇಲೆ ಅರ್ಧ ಕಲ್ಲು ಅರ್ಧ ಮಣ್ಣು, ಅದು ಶಿಥಿಲಗೊಂಡ ಪದರ. ಗಟ್ಟಿ ಬಂಡೆ ಸಿಗುವವರೆಗೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಅಲ್ಲಿಂದ ಕೆಳಗೆ ಪುಡಿಯ ಬಣ್ಣ ಬದಲಾದಂತೆಲ್ಲ ಕಲ್ಲು ಬದಲಾಗಿದೆ ಎಂದರ್ಥ. ಅಡಿ ಲೆಕ್ಕ ಹಾಕಿ, ಪ್ರತಿ ಇಪ್ಪತ್ತಡಿಗೆ ಒಂದು ಹಿಡಿ ಪುಡಿ ಕವರಿಗೆ ಹಾಕಿಟ್ಟರೆ ನಿಮ್ಮ ನೆಲದ ಜಾತಕವೇ ಕೈಗೆ ಬಂದ ಹಾಗೆ. ಗಣಿ ಹುಡುಕುವವರು ಮಾಡುವುದೂ ಇದನ್ನೇ, ಆದರೆ ಅವರಿಗೆ ಪುಡಿ ಸಾಲದು, ಟೊಳ್ಳು ಬಿಟ್‌ನಿಂದ ಕೊರೆದು ಕಂಬದ ಹಾಗೆ ಇಡೀ ಕಲ್ಲನ್ನೇ ಹೊರಗೆ ತೆಗೆಯುತ್ತಾರೆ. ಅದಕ್ಕೆ ಕೋರ್ ಅನ್ನುತ್ತಾರೆ.

ಪದರ ಓರೆಯಾಗಿ ಇಳಿದಿದ್ದರೆ ಎರಡು ಅಳತೆ ಬೇಕು. ಹೆಂಚಿನ ಮನೆಯ ಮಾಡು ನೆನಪಿಸಿಕೊಳ್ಳಿ. ಮಳೆ ನೀರು ಹರಿದು ಇಳಿಯುವ ದಿಕ್ಕು ಮತ್ತು ಓರೆಯ ಕೋನವೇ ಡಿಪ್. ಮಾಡಿನ ತುದಿಯ ಅಡ್ಡಗೆರೆ ಯಾವ ದಿಕ್ಕಿಗೆ ಓಡುತ್ತದೋ ಅದು ಸ್ಟ್ರೈಕ್. ಅದಿರಿನ ಪಟ್ಟೆ ನಿಮ್ಮ ಹೊಲದ ಕಡೆಗೆ ಹೋಗುತ್ತದೋ ಆಚೆಗೋ ಎಂದು ಹೇಳುವುದು ಇವೆರಡೇ.

ಆರನೇ ಹೆಜ್ಜೆ: ಅದಿರು ಅಂದರೆ ಏನು

ಖನಿಜ ಇದ್ದ ಮಾತ್ರಕ್ಕೆ ಅದಿರು ಆಗುವುದಿಲ್ಲ. ತೆಗೆದು, ಶುದ್ಧ ಮಾಡಿ, ಮಾರಿದ ಮೇಲೂ ಲಾಭ ಉಳಿಯುವಷ್ಟು ಇದ್ದರೆ ಮಾತ್ರ ಅದು ಅದಿರು. ಹಾಗಾಗಿ ಬೆಲೆ ಬದಲಾದರೆ ಅದಿರೂ ಬದಲಾಗುತ್ತದೆ. ಬಳ್ಳಾರಿ ಕಡೆ ಒಂದು ಕಾಲದಲ್ಲಿ ಕಸ ಎಂದು ಗುಡ್ಡೆ ಹಾಕಿದ್ದ ಅದಿರಿನ ಹುಡಿ, ಚೀನಾದ ಬೇಡಿಕೆಯಿಂದ ಬೆಲೆ ಏರಿದಾಗ ಲಾರಿಗಟ್ಟಲೆ ಹೊರಟಿತು. ಕಲ್ಲು ಅದೇ, ಲೆಕ್ಕ ಬೇರೆ.

ಅದಿರಿನಲ್ಲಿ ಬೇಕಾದ ಲೋಹ ಎಷ್ಟಿದೆ ಎನ್ನುವುದು ಗ್ರೇಡ್. ಕಬ್ಬಿಣಕ್ಕೆ ಶೇಕಡಾ ಲೆಕ್ಕ. ಒಂದು ಚೂರೂ ಬೆರಕೆ ಇಲ್ಲದ ಹೆಮಟೈಟಿನಲ್ಲೂ ಕಬ್ಬಿಣ ಶೇಕಡಾ 70 ಮಾತ್ರ, ಉಳಿದದ್ದು ಆಮ್ಲಜನಕ. ಹಾಗಾಗಿ 60ರ ಗ್ರೇಡ್ ಅಂದರೆ ಒಳ್ಳೆಯ ಅದಿರೇ. ಯಾರಾದರೂ 80 ಅಂದರೆ ನಂಬಬೇಡಿ. ಚಿನ್ನಕ್ಕೆ ಟನ್ನಿಗೆ ಇಷ್ಟು ಗ್ರಾಂ ಎಂದು ಲೆಕ್ಕ. ಟನ್ನಿಗೆ 3 ಗ್ರಾಂ ಅಂದರೆ, ಸುಮಾರು ಎರಡೂಕಾಲು ಅಡಿ ಉದ್ದ, ಅಗಲ, ಎತ್ತರದ ಬಂಡೆಯಲ್ಲಿ ಒಂದು ಕಡಲೆ ಕಾಳಿನಷ್ಟು ಚಿನ್ನ, ಅದೂ ಕಣ್ಣಿಗೆ ಕಾಣದ ಹಾಗೆ ಹರಡಿಕೊಂಡು. ಕೆಜಿಎಫ್‌ನ ಚಿನ್ನ ಮುಗಿದುಹೋಯಿತಾ ಎಂದು ಎಲ್ಲರೂ ಕೇಳುತ್ತಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಕಾಲದ ಶ್ರೀಮಂತ ಕಲ್ಲು ಕ್ರಮೇಣ ಬಡವಾಯಿತು, ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು, ಖರ್ಚು ಏರಿತು, 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಕೆಳಗೆ ಚಿನ್ನ ಇದೆ. ಆ ಹೊತ್ತಿನ ಲೆಕ್ಕದಲ್ಲಿ ಅದು ಅದಿರು ಆಗಿರಲಿಲ್ಲ. ರಾಯಚೂರಿನ ಹಟ್ಟಿಯಲ್ಲಿ ಅದೇ ಲೆಕ್ಕ ಇಂದಿಗೂ ಗಿಟ್ಟುತ್ತಿದೆ, ಹಾಗಾಗಿ ಅಲ್ಲಿ ಗಣಿ ನಡೆಯುತ್ತಿದೆ.

ಈಗ ಮೋಸ ಹೋಗುವ ಜಾಗ: ರಿಸೋರ್ಸ್ ಮತ್ತು ರಿಸರ್ವ್. ನೆಲದಲ್ಲಿ ಇಷ್ಟು ಇರಬಹುದು ಎಂಬ ಅಂದಾಜು ರಿಸೋರ್ಸ್. ಅದರಲ್ಲಿ ತೆಗೆದರೆ ಲಾಭ ಬರುತ್ತದೆ ಎಂದು ಅಧ್ಯಯನದಿಂದ ಖಚಿತವಾದ ಭಾಗ ಮಾತ್ರ ರಿಸರ್ವ್. ಅಂದಾಜಿಗೂ ಮೆಟ್ಟಿಲುಗಳಿವೆ, ನಮ್ಮ ದೇಶದಲ್ಲಿ ಹುಡುಕಾಟದ ಹಂತಗಳನ್ನು ಜಿ4ರಿಂದ ಜಿ1ರವರೆಗೆ ಎಣಿಸುತ್ತಾರೆ, ಜಿ4 ಸುಮ್ನೆ ಮೇಲುನೋಟ, ಜಿ1 ಒತ್ತೊತ್ತಾಗಿ ಕೊರೆದು ನೋಡಿದ್ದು. ಮಂಡ್ಯದ ಲಿಥಿಯಂ ಸುದ್ದಿ ನೆನಪಿದೆಯಾ? 2020ರಲ್ಲಿ ಮರಳಗಾಲ ಸುತ್ತ 14,100 ಟನ್ ಎಂದು ಪತ್ರಿಕೆಗಳಲ್ಲಿ ಬಂತು. ಆಮೇಲೆ ಸರ್ಕಾರ ಹೇಳಿದ ಅಂಕಿ 1,600 ಟನ್, ಅದೂ ಇನ್ಫರ್ಡ್ ಎಂಬ ವರ್ಗದ್ದು. ಇನ್ಫರ್ಡ್ ಅಂದರೆ ಸಿಕ್ಕ ಕೆಲವು ಕುರುಹುಗಳಿಂದ ಊಹಿಸಿದ್ದು. ಟನ್ ಅಂಕಿ ಕೇಳಿದ ತಕ್ಷಣ, ಅದು ಯಾವ ಮೆಟ್ಟಿಲಿನ ಅಂಕಿ ಎಂದು ಕೇಳಿ.

ಏಳನೇ ಹೆಜ್ಜೆ: ಗಣಿಯೊಳಗಿನ ಮಾತು

ಮೇಲಿನಿಂದ ತೆರೆದು ಅಗೆಯುವುದು ಓಪನ್‌ಕಾಸ್ಟ್, ತೆರೆದ ಗಣಿ. ಅಲ್ಲಿ ಕಾಣುವ ದೈತ್ಯ ಮೆಟ್ಟಿಲುಗಳಿಗೆ ಬೆಂಚ್ ಅನ್ನುತ್ತಾರೆ. ನೆಲದಡಿಯ ಗಣಿಯಲ್ಲಿ ನೇರ ಕೆಳಗೆ ಇಳಿಯುವ ಬಾವಿ ಶಾಫ್ಟ್, ಗುಡ್ಡದ ಪಕ್ಕದಿಂದ ಅಡ್ಡ ಹೋಗುವ ಸುರಂಗ ಆಡಿಟ್, ಒಂದೊಂದು ಆಳದ ಮಹಡಿಗೆ ಲೆವೆಲ್, ಅದಿರು ಕಿತ್ತು ಖಾಲಿಯಾಗುವ ಜಾಗಕ್ಕೆ ಸ್ಟೋಪ್. ಓರೆ ಪಟ್ಟೆಯಲ್ಲಿ ಕೆಲಸ ಮಾಡುವವನ ತಲೆಯ ಮೇಲೆ ನೇತಾಡುವ ಕಲ್ಲು ಹ್ಯಾಂಗಿಂಗ್ ವಾಲ್, ಕಾಲಡಿಯದು ಫುಟ್ ವಾಲ್. ಆಳದ ಒತ್ತಡಕ್ಕೆ ಕಲ್ಲು ತಾನಾಗಿ ಸಿಡಿಯುವುದು ರಾಕ್ ಬರ್ಸ್ಟ್. ಕೋಲಾರದ ಎಷ್ಟೋ ಮನೆಗಳಲ್ಲಿ ಈ ಮಾತು ಒಂದು ಸಾವಿನ ಜೊತೆ ಸೇರಿಕೊಂಡಿದೆ.

ಸ್ಟ್ರಿಪ್ಪಿಂಗ್ ರೇಶಿಯೋ ಎಂಬುದನ್ನು ನಿಧಾನವಾಗಿ ಓದಿ. ಒಂದು ಟನ್ ಅದಿರಿಗೆ ಎಷ್ಟು ಓಬಿ ತೆಗೆಯಬೇಕು ಎಂಬ ಲೆಕ್ಕ. 1ಕ್ಕೆ 1.5 ಎಂದಿದ್ದು ವರ್ಷಕ್ಕೆ 10 ಲಕ್ಷ ಟನ್ ಅದಿರು ತೆಗೆದರೆ, 15 ಲಕ್ಷ ಟನ್ ಬೇಡದ ಕಲ್ಲುಮಣ್ಣು ಪ್ರತಿ ವರ್ಷ ಎಲ್ಲಾದರೂ ಕೂರಲೇಬೇಕು. ಜೊತೆಗೆ ಅಗೆದ ಕಲ್ಲು ಉಬ್ಬುತ್ತದೆ. ಗುಂಡಿ ತೋಡಿದವರಿಗೆ ಗೊತ್ತು, ತೆಗೆದ ಮಣ್ಣು ವಾಪಸ್ ಅದೇ ಗುಂಡಿಗೆ ಪೂರ್ತಿ ಹಿಡಿಸುವುದಿಲ್ಲ.

ಹೊರಬಂದ ಅದಿರನ್ನು ಕ್ರಷರಿನಲ್ಲಿ ಒಡೆದು ಜರಡಿ ಹಿಡಿಯುತ್ತಾರೆ. ಕಬ್ಬಿಣದಲ್ಲಿ 10 ಮಿಲಿಮೀಟರಿಗಿಂತ ದೊಡ್ಡದು ಲಂಪ್ಸ್, ಸಣ್ಣದು ಫೈನ್ಸ್. ಬಡ ಅದಿರನ್ನು ತೊಳೆದು, ಬೇರ್ಪಡಿಸಿ ಗ್ರೇಡ್ ಏರಿಸುವ ಕೆಲಸ ಬೆನಿಫಿಶಿಯೇಶನ್. ಆಮೇಲೆ ಉಳಿಯುವ ನುಣ್ಣನೆಯ ಕೆಸರು ಟೇಲಿಂಗ್ಸ್. ಕುದುರೆಮುಖದಲ್ಲಿ ಮ್ಯಾಗ್ನೆಟೈಟನ್ನು ಹೀಗೆ ಬೇರ್ಪಡಿಸಿ, ನೀರು ಬೆರೆಸಿ, ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರಿಗೆ ಲಕ್ಯಾ ಅಣೆಕಟ್ಟು. ಗಣಿ 2005ರ ಕೊನೆಗೆ ನಿಂತಿತು, ಅಣೆಕಟ್ಟಿನ ಹಿಂದಿನ ಕೆಸರು ಅಲ್ಲೇ ಇದೆ. ಕೆಜಿಎಫ್‌ನ ಸೈನೈಡ್ ಗುಡ್ಡಗಳೂ ಟೇಲಿಂಗ್ಸೇ. ಓಬಿ, ಟೇಲಿಂಗ್ಸ್ ಎರಡೂ ಕಸವೇ ಆದರೂ ಒಂದೇ ಅಲ್ಲ, ಒಂದು ಯಂತ್ರಕ್ಕೆ ಹೋಗುವ ಮುಂಚಿನದು, ಇನ್ನೊಂದು ಹೋಗಿ ಬಂದದ್ದು. ಕಾಗದದಲ್ಲಿ ಯಾವುದು ಎಂದು ನೋಡಿ.

ಎಂಟನೇ ಹೆಜ್ಜೆ: ಕಾಗದ ಓದಿ

ಮೊದಲು ಪ್ರಧಾನ ಖನಿಜವೋ ಉಪಖನಿಜವೋ ನೋಡಿ. ಕಬ್ಬಿಣ, ಚಿನ್ನ ಇವು ಪ್ರಧಾನ, ಕಟ್ಟಡದ ಕಲ್ಲು, ಮರಳು, ಗ್ರಾನೈಟ್ ಉಪಖನಿಜ. ಎರಡಕ್ಕೂ ಮೂಲ ಕಾನೂನು 1957ರ ಗಣಿ ಮತ್ತು ಖನಿಜ ಕಾಯ್ದೆ, ಉಪಖನಿಜದ ನಿಯಮ ಮಾಡುವುದು ರಾಜ್ಯ ಸರ್ಕಾರ. ಹೊಲ ನಿಮ್ಮದೇ ಆದರೂ ಪರವಾನಗಿ ಇಲ್ಲದೆ ಅಗೆದು ಮಾರುವಂತಿಲ್ಲ. ಸರ್ಕಾರ ಗಣಿಗೆ ಕೊಡುವ ಗುತ್ತಿಗೆ ಲೀಸ್, ತೆಗೆದ ಖನಿಜಕ್ಕೆ ಕಟ್ಟಬೇಕಾದ ದುಡ್ಡು ರಾಯಲ್ಟಿ. ಈ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ನಂತರ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಗಣಿಯವರು ದುಡ್ಡು ಕಟ್ಟಬೇಕು, ಡಿಎಂಎಫ್ ಅನ್ನುವುದು ಅದನ್ನೇ. ಅದು ಗಣಿಯಿಂದ ತೊಂದರೆಗೊಳಗಾದ ಊರುಗಳಿಗಾಗಿ ಇರುವ ಹಣ. ನಿಮ್ಮ ಊರು ಆ ಪಟ್ಟಿಯಲ್ಲಿ ಇದೆಯಾ, ಕೇಳಿ ತಿಳಿದುಕೊಳ್ಳಿ.

ಗಣಿಯಿಂದ ಸುತ್ತಲಿನ ನೆಲ, ನೀರಿಗೆ ಏನಾಗುತ್ತದೆ ಎಂದು ಹೇಳುವ ಪರಿಸರ ವರದಿಯಲ್ಲಿ ಕೋರ್ ವಲಯ ಎಂದರೆ ಗುತ್ತಿಗೆಯ ಜಾಗ, ಬಫರ್ ವಲಯ ಎಂದರೆ ಅದರ ಸುತ್ತಲಿನ 10 ಕಿಲೋಮೀಟರ್. ಕೊರೆದು ಕಂಬದ ಹಾಗೆ ತೆಗೆಯುವ ಕಲ್ಲಿನ ಕೋರ್ ಬೇರೆ, ಇದು ಬೇರೆ. ಜಾಗವನ್ನು ಹೆಕ್ಟೇರಿನಲ್ಲಿ ಬರೆದಿರುತ್ತಾರೆ, ಒಂದು ಹೆಕ್ಟೇರ್ ಸುಮಾರು ಎರಡೂವರೆ ಎಕರೆ. ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗಳಿಗೆ ಸಾರ್ವಜನಿಕ ಆಲಿಕೆ ಸಭೆ ಆಗಬೇಕು, ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ನೋಟಿಸ್ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಚಿಕ್ಕ ಕಲ್ಲು ಕ್ವಾರಿಗಳಿಗೆ ಎಲ್ಲ ಸಲ ಈ ಸಭೆ ಇರುವುದಿಲ್ಲ. ಸಭೆ ಇದ್ದರೆ ಹೇಳಬೇಕಾದ್ದನ್ನು ಬರೆದುಕೊಂಡು ಹೋಗಿ, ಲಿಖಿತವಾಗಿ ಕೊಟ್ಟು ನಕಲಿನ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಸಭೆಯ ನಡಾವಳಿಯನ್ನು ವಿಡಿಯೋ ಮಾಡುತ್ತಾರೆ, ಕೊನೆಗೆ ಓದಿ ಹೇಳುತ್ತಾರೆ. ನೀವು ಹೇಳಿದ್ದು ಅದರಲ್ಲಿ ಬಂತಾ ಎಂದು ಕಿವಿಗೊಟ್ಟು ಕೇಳಿ.

ಮಾವ ಮೂರು ಪ್ರಶ್ನೆ ಬರೆದುಕೊಂಡು ಹೋದರು. ಓಬಿ ಡಂಪ್ ಎಷ್ಟು ಎತ್ತರ ಏಳುತ್ತದೆ, ಅದು ನಿಲ್ಲುವುದು ಯಾವ ವರ್ಷಕ್ಕೆ? ಮಳೆ ನೀರು ಹಿಡಿಯಲು ಡಂಪಿನ ಸುತ್ತ ತೋಡುವ ಕಾಲುವೆ, ಅವರ ಮಾತಿನ ಗಾರ್ಲ್ಯಾಂಡ್ ಡ್ರೈನ್, ಕೊನೆಗೆ ಯಾವ ಹಳ್ಳಕ್ಕೆ ಸೇರುತ್ತದೆ? ಹೂಳು ನಿಲ್ಲಿಸುವ ಹೊಂಡವನ್ನು ನಕ್ಷೆಯಲ್ಲಿ ಎಲ್ಲಿ ಗುರುತು ಮಾಡಿದ್ದೀರಿ? ಎರಡಕ್ಕೆ ಅಲ್ಲೇ ಉತ್ತರ ಸಿಕ್ಕಿತು. ಮೂರನೆಯದಕ್ಕೆ ನಕ್ಷೆ ಬಿಡಿಸಿ ಹುಡುಕಿದರು, ಹೊಂಡ ಇರಲಿಲ್ಲ, ಅದು ನಡಾವಳಿಯಲ್ಲಿ ದಾಖಲಾಯಿತು.